ಕೆಫೀನ್ ತೆಗೆದ ಕಾಫಿ: ಬೆಳೆಗಾರರು ತಿಳಿಯಬೇಕಾದ ವಿಷಯಗಳು

ಕಾಫಿ ಕುಡಿದರೆ ರಾತ್ರಿ ನಿದ್ರೆ ಬರುವುದಿಲ್ಲ, ಎದೆ ಡವಡವ ಹೊಡೆದುಕೊಳ್ಳುತ್ತದೆ ಎಂದು ಹೇಳುವವರು ಕಾಫಿ ಬೆಳೆಯುವ ಮನೆಗಳಲ್ಲಿಯೂ ಇದ್ದಾರೆ. ಇದಕ್ಕೆ ಮುಖ್ಯ ಕಾರಣ ಕಾಫಿ ಬೀಜದಲ್ಲಿರುವ ಕೆಫೀನ್ ಎಂಬ ವಸ್ತು. ಇದನ್ನು ಬೀಜದಿಂದ ಬೇರ್ಪಡಿಸಿ, ಪರಿಮಳ ಮತ್ತು ರುಚಿಯನ್ನು ಆದಷ್ಟು ಉಳಿಸಿಕೊಳ್ಳುವ ವಿಧಾನಗಳು ನೂರು ವರ್ಷಗಳಿಗೂ ಹಿಂದಿನಿಂದ ಬಳಕೆಯಲ್ಲಿವೆ. ಹೀಗೆ ಸಿದ್ಧಪಡಿಸಿದ ಕಾಫಿಯನ್ನು ಪೇಟೆಯಲ್ಲಿ ಡಿಕ್ಯಾಫ್ ಎಂದು ಕರೆಯುತ್ತಾರೆ.

ಬಹಳ ಕಾಲ ಈ ಕಾಫಿಗೆ ಒಳ್ಳೆಯ ಹೆಸರಿರಲಿಲ್ಲ. ಹಳೆಯ ದಾಸ್ತಾನು ಮತ್ತು ಕೆಳದರ್ಜೆಯ ಬೀಜವನ್ನೇ ಕಾರ್ಖಾನೆಗೆ ಕಳುಹಿಸಿ, ರುಚಿಯ ಕೊರತೆಯನ್ನು ಗಾಢವಾಗಿ ಹುರಿದು ಮುಚ್ಚುವುದು ಸಾಮಾನ್ಯವಾಗಿತ್ತು. ಈಗ ಪರಿಸ್ಥಿತಿ ಬದಲಾಗುತ್ತಿದೆ. ಒಂದೇ ಪ್ರದೇಶದ ಅಥವಾ ಒಂದೇ ತೋಟದ ಉತ್ತಮ ಬೀಜವನ್ನು ಆರಿಸಿ, ಅದರಿಂದ ಕೆಫೀನ್ ತೆಗೆಸಿ, ಮೂಲದ ಹೆಸರಿನಲ್ಲಿಯೇ ಮಾರುವ ವ್ಯಾಪಾರಿಗಳು ಹೆಚ್ಚುತ್ತಿದ್ದಾರೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗವನ್ನು ಬೆಳೆಯುವ ಕರ್ನಾಟಕದ ರೈತರು ಈ ವಿಷಯವನ್ನು ತಿಳಿದಿರುವುದು ಲಾಭಕರ.

ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಅಂಶ ಒಂದೇ. ಕೆಫೀನ್ ತೆಗೆಯುವ ಕಾರ್ಖಾನೆ ಬೀಜದ ಗುಣವನ್ನು ಕಾಪಾಡಬಹುದು ಅಥವಾ ಕಳೆಯಬಹುದು, ಹೊಸದಾಗಿ ಸೇರಿಸಲಾರದು. ಗುಣ ಹುಟ್ಟುವುದು ತೋಟದಲ್ಲಿ ಮತ್ತು ಕಣದಲ್ಲಿ. ಆದುದರಿಂದ ತನ್ನ ಕಾಫಿಯ ರುಚಿ ಎಂಥದು ಎಂಬುದನ್ನು ಬೆಳೆಗಾರನೇ ಮೊದಲು ತಿಳಿದುಕೊಳ್ಳಬೇಕು.

ಕೆಫೀನ್ ಎಂದರೇನು?

ಕೆಫೀನ್ ಬಿಳಿಯ ಬಣ್ಣದ, ವಾಸನೆಯಿಲ್ಲದ, ಕಹಿಯಾದ ರಾಸಾಯನಿಕ ವಸ್ತು. ಜರ್ಮನಿಯ ರಸಾಯನ ವಿಜ್ಞಾನಿ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ 1819ರಲ್ಲಿ ಇದನ್ನು ಕಾಫಿ ಬೀಜದಿಂದ ಮೊದಲ ಬಾರಿಗೆ ಬೇರ್ಪಡಿಸಿದನು. ಗಿಡಕ್ಕೆ ಇದು ಕೀಟಗಳ ವಿರುದ್ಧ ರಕ್ಷಣೆ. ಮನುಷ್ಯನಿಗೆ ಚುರುಕು ಕೊಡುವ ವಸ್ತು.

ಅರೇಬಿಕಾ ಬೀಜದಲ್ಲಿ ಸರಾಸರಿ ಶೇಕಡಾ 1.2ರಷ್ಟು, ರೋಬಸ್ಟಾ ಬೀಜದಲ್ಲಿ ಶೇಕಡಾ 2.2ರಷ್ಟು ಕೆಫೀನ್ ಇರುತ್ತದೆ. ಅಂದರೆ 1 ಟನ್ ಅರೇಬಿಕಾದಲ್ಲಿ ಸುಮಾರು 12 ಕಿಲೋ, 1 ಟನ್ ರೋಬಸ್ಟಾದಲ್ಲಿ ಸುಮಾರು 22 ಕಿಲೋ ಎಂದಾಯಿತು. ಕಾರ್ಖಾನೆಗಳಲ್ಲಿ ಬೇರ್ಪಡಿಸಿದ ಈ ಕೆಫೀನ್ ವ್ಯರ್ಥವಾಗುವುದಿಲ್ಲ. ಔಷಧಿ ಮತ್ತು ತಂಪು ಪಾನೀಯ ತಯಾರಕರು ಅದನ್ನು ಕೊಳ್ಳುತ್ತಾರೆ.

ಕಾಫಿಯ ಕಹಿಯೆಲ್ಲ ಕೆಫೀನಿನಿಂದಲೇ ಬರುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ಕಹಿಯ ಸ್ವಲ್ಪ ಭಾಗ ಮಾತ್ರ ಅದರದು. ಉಳಿದುದು ಹುರಿಯುವಾಗ ಉಂಟಾಗುವ ಬೇರೆ ವಸ್ತುಗಳಿಂದ ಬರುತ್ತದೆ. ಕಾಫಿಯ ಪರಿಮಳಕ್ಕಂತೂ ಕೆಫೀನಿಗೆ ಸಂಬಂಧವೇ ಇಲ್ಲ. ಆದುದರಿಂದ ಕೆಫೀನ್ ಹೋದ ಮಾತ್ರಕ್ಕೆ ಕಾಫಿ ಸಪ್ಪೆಯಾಗಲೇಬೇಕೆಂದಿಲ್ಲ. ಸಪ್ಪೆಯಾದರೆ ಬೀಜದಲ್ಲಿ, ಕೆಫೀನ್ ತೆಗೆದ ವಿಧಾನದಲ್ಲಿ, ಹುರಿದ ಕ್ರಮದಲ್ಲಿ ಅಥವಾ ದಾಸ್ತಾನಿನಲ್ಲಿ ದೋಷವಿದೆ ಎಂದು ತಿಳಿಯಬೇಕು.

ಕೆಫೀನನ್ನು ಹೇಗೆ ತೆಗೆಯುತ್ತಾರೆ?

ಕೆಫೀನನ್ನು ತೆಗೆಯುವುದು ಹುರಿಯದ ಹಸಿರು ಬೀಜದಿಂದಲೇ ಹೊರತು ಹುರಿದ ಬೀಜದಿಂದಲ್ಲ. ಎಲ್ಲ ವಿಧಾನಗಳಲ್ಲಿಯೂ ಮೊದಲು ಬೀಜಕ್ಕೆ ನೀರು ಅಥವಾ ಹಬೆ ಕೊಟ್ಟು ಅದು ಉಬ್ಬುವಂತೆ ಮಾಡಲಾಗುತ್ತದೆ. ಅನಂತರ ಕೆಫೀನನ್ನು ಹೊರಗೆಳೆದು, ಬೀಜವನ್ನು ಮತ್ತೆ ಒಣಗಿಸಲಾಗುತ್ತದೆ. ಹೊರಗೆಳೆಯುವ ವಿಧಾನಗಳು ಮುಖ್ಯವಾಗಿ ನಾಲ್ಕು.

1. ಮಿಥಿಲೀನ್ ಕ್ಲೋರೈಡ್ ವಿಧಾನ: ಜರ್ಮನಿಯ ಬ್ರೆಮೆನ್ ನಗರದ ವ್ಯಾಪಾರಿ ಲುಡ್ವಿಗ್ ರೊಸೆಲಿಯಸ್ ಮತ್ತು ಅವನ ಸಂಗಡಿಗರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆನ್ಸೀನ್ ಎಂಬ ದ್ರಾವಕದಿಂದ ಕೆಫೀನ್ ತೆಗೆಯುವುದನ್ನು ವ್ಯಾಪಾರಕ್ಕೆ ತಂದರು. 1906ರಲ್ಲಿ ಇದಕ್ಕಾಗಿ ಕಾಫೆ ಹಾಗ್ ಸಂಸ್ಥೆ ಸ್ಥಾಪನೆಯಾಯಿತು. ಬೆನ್ಸೀನ್ ಆರೋಗ್ಯಕ್ಕೆ ಹಾನಿಕರವೆಂದು ತಿಳಿದ ಮೇಲೆ ಅದನ್ನು ಕೈಬಿಡಲಾಯಿತು. ಅದರ ಸ್ಥಾನಕ್ಕೆ ಬಂದ ದ್ರಾವಕಗಳಲ್ಲಿ ಮಿಥಿಲೀನ್ ಕ್ಲೋರೈಡ್ ಮುಖ್ಯವಾದುದು. ಇದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಆವಿಯಾಗುವುದರಿಂದ ಬೀಜದಲ್ಲಿ ಬಹಳ ಸ್ವಲ್ಪ ಉಳಿಯುತ್ತದೆ. ಹುರಿದ 1 ಕಿಲೋ ಕಾಫಿಯಲ್ಲಿ 2 ಮಿಲಿಗ್ರಾಂಗಿಂತ ಹೆಚ್ಚು ಉಳಿಯಬಾರದೆಂದು ಐರೋಪ್ಯ ಒಕ್ಕೂಟ ಮಿತಿ ವಿಧಿಸಿದೆ. ಅಮೆರಿಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ.

2. ಈಥೈಲ್ ಅಸಿಟೇಟ್ ವಿಧಾನ: ಮಾಗಿದ ಹಣ್ಣುಗಳಲ್ಲಿ ಸಹಜವಾಗಿಯೇ ಅಲ್ಪ ಪ್ರಮಾಣದಲ್ಲಿರುವ ದ್ರಾವಕವಿದು. ಕೊಲಂಬಿಯಾ ದೇಶದ ಮನಿಸಾಲೆಸ್ ನಗರದ ಕಾರ್ಖಾನೆಯಲ್ಲಿ ಕಬ್ಬಿನಿಂದ ಪಡೆದ ಈಥೈಲ್ ಅಸಿಟೇಟನ್ನು ಬಳಸುತ್ತಾರೆ. ಆದುದರಿಂದ ಈ ಕಾಫಿಯನ್ನು ಕಬ್ಬಿನ ಡಿಕ್ಯಾಫ್ ಎಂದೂ ಕರೆಯುವುದುಂಟು. ಕಾಫಿ ಬೆಳೆಯುವ ದೇಶದಲ್ಲಿಯೇ ಕೆಲಸ ಮುಗಿಯುವುದರಿಂದ ಬೀಜವನ್ನು ಕೆಫೀನ್ ತೆಗೆಸಲೆಂದು ಬೇರೆ ದೇಶಕ್ಕೆ ಸಾಗಿಸುವ ಖರ್ಚು ಉಳಿಯುತ್ತದೆ.

3. ನೀರಿನ ವಿಧಾನ: ಬರಿಯ ಬಿಸಿನೀರಿನಲ್ಲಿ ಬೀಜ ನೆನೆಸಿದರೆ ಕೆಫೀನಿನೊಡನೆ ರುಚಿಯ ವಸ್ತುಗಳೂ ಹೊರಬರುತ್ತವೆ. ಇದಕ್ಕೊಂದು ಉಪಾಯವುಂಟು. ಒಮ್ಮೆ ಹೀಗೆ ತೆಗೆದ ರಸವನ್ನು ಇದ್ದಿಲಿನ ಸೋಸುಕದ ಮೂಲಕ ಹಾಯಿಸಿ ಕೆಫೀನನ್ನು ಮಾತ್ರ ಹಿಡಿಯುತ್ತಾರೆ. ಉಳಿದ ರಸದಲ್ಲಿ ಹೊಸ ಬೀಜವನ್ನು ನೆನೆಸುತ್ತಾರೆ. ಗಟ್ಟಿಯಾದ ಸಕ್ಕರೆ ಪಾಕ ಇನ್ನಷ್ಟು ಸಕ್ಕರೆಯನ್ನು ಕರಗಿಸಿಕೊಳ್ಳದು. ಅದೇ ರೀತಿ ರುಚಿಯ ವಸ್ತುಗಳಿಂದ ತುಂಬಿದ ಈ ರಸ ಹೊಸ ಬೀಜದ ರುಚಿಯನ್ನು ಎಳೆಯದೆ ಕೆಫೀನನ್ನು ಮಾತ್ರ ಎಳೆಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1930ರ ದಶಕದಲ್ಲಿ ಹುಟ್ಟಿದ ಈ ವಿಧಾನ 1980ರ ದಶಕದಲ್ಲಿ ವ್ಯಾಪಾರಕ್ಕೆ ಬಂದಿತು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾದಲ್ಲಿ ಸ್ವಿಸ್ ವಾಟರ್ ಸಂಸ್ಥೆ ಇದನ್ನು ನಡೆಸುತ್ತಿದೆ. ಮೆಕ್ಸಿಕೊ ದೇಶದ ವೆರಾಕ್ರೂಜ್ ಪ್ರಾಂತದಲ್ಲಿಯೂ ನೀರಿನ ವಿಧಾನದ ಕಾರ್ಖಾನೆಯಿದೆ.

4. ಇಂಗಾಲದ ಡೈ ಆಕ್ಸೈಡ್ ವಿಧಾನ: ಸೋಡಾ ನೀರಿನಲ್ಲಿ ಗುಳ್ಳೆ ಬರಿಸುವ ಅನಿಲವೇ ಇದು. ಈ ಅನಿಲವನ್ನು 31 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ, ವಾಯುಭಾರದ 73 ಪಟ್ಟಿಗಿಂತ ಹೆಚ್ಚಿನ ಒತ್ತಡದಲ್ಲಿ ಇಟ್ಟರೆ ಅದು ಅನಿಲದಂತೆ ಬೀಜದೊಳಗೆ ನುಗ್ಗಿ, ದ್ರವದಂತೆ ಕೆಫೀನನ್ನು ಕರಗಿಸಿಕೊಳ್ಳುತ್ತದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕುರ್ಟ್ ಝೋಸೆಲ್ 1967ರಲ್ಲಿ ಇದನ್ನು ಕಂಡುಹಿಡಿದನು. ಪರಿಮಳದ ವಸ್ತುಗಳು ಇದರಲ್ಲಿ ಚೆನ್ನಾಗಿ ಉಳಿಯುತ್ತವೆ. ಆದರೆ ಯಂತ್ರಗಳಿಗೆ ಹೆಚ್ಚು ಬಂಡವಾಳ ಬೇಕು.

ಯಾವ ವಿಧಾನದಲ್ಲಿಯೂ ಕೆಫೀನ್ ಸಂಪೂರ್ಣವಾಗಿ ಹೋಗುವುದಿಲ್ಲ. ಐರೋಪ್ಯ ನಿಯಮದಂತೆ ಹುರಿದ ಡಿಕ್ಯಾಫ್‌ನಲ್ಲಿ ಶೇಕಡಾ 0.1ಕ್ಕಿಂತ ಹೆಚ್ಚು ಕೆಫೀನ್ ಇರಬಾರದು. ಅಮೆರಿಕದ ವ್ಯಾಪಾರದಲ್ಲಿ ಮೂಲ ಕೆಫೀನಿನ ಶೇಕಡಾ 97 ಭಾಗವನ್ನು ತೆಗೆಯುವುದು ರೂಢಿ. ಈ ಲೆಕ್ಕದಲ್ಲಿ ಶೇಕಡಾ 1.2 ಕೆಫೀನ್ ಇದ್ದ ಅರೇಬಿಕಾದಲ್ಲಿ ಉಳಿಯುವುದು ಶೇಕಡಾ 0.036 ಮಾತ್ರ.

ಕೆಫೀನ್ ಹೋದ ಬೀಜ ಹೇಗಿರುತ್ತದೆ?

ಕಾರ್ಖಾನೆಯಿಂದ ಹೊರಬಂದ ಬೀಜದ ನೀಲಿ-ಹಸಿರು ಬಣ್ಣ ಹೋಗಿ ಕಂದು ಬಣ್ಣ ಬಂದಿರುತ್ತದೆ. ಎರಡು ಸಲ ನೆನೆದು ಒಣಗಿದ ಬೀಜವಾದುದರಿಂದ ಒಳರಚನೆ ಸಡಿಲಗೊಂಡಿರುತ್ತದೆ. ಇಂಥ ಬೀಜ ಬೇಗ ಹಳತಾಗುತ್ತದೆ. ಹುರಿಯುವಾಗ ಬೇಗ ಕಪ್ಪಾಗುತ್ತದೆ. ಸಿಡಿಯುವ ಶಬ್ದವೂ ಮೆಲ್ಲಗೆ ಕೇಳುತ್ತದೆ. ಬಣ್ಣವೊಂದನ್ನೇ ನೋಡಿ ಹುರಿಯುವವರು ಇದರಲ್ಲಿ ಮೋಸಹೋಗುತ್ತಾರೆ.

ರುಚಿಯ ಮಟ್ಟಿಗೆ ಹೇಳುವುದಾದರೆ, ಹುಳಿಯ ಚುರುಕು ಮತ್ತು ಕಾಫಿಯ ಮೈಕಟ್ಟು ಸಾಮಾನ್ಯವಾಗಿ ಒಂದಿಷ್ಟು ಕಡಿಮೆಯಾಗುತ್ತವೆ. ಮೂಲದಲ್ಲಿ ಹತ್ತು ಪಾಲು ಗುಣವಿದ್ದರೆ ಎಂಟೊಂಬತ್ತು ಪಾಲು ಉಳಿದೀತು. ಮೂಲದಲ್ಲಿ ಐದೇ ಪಾಲು ಇದ್ದರೆ ಉಳಿಯುವುದು ಅದಕ್ಕಿಂತಲೂ ಕಡಿಮೆ. ಬೂಷ್ಟಿನ ವಾಸನೆ, ಕೊಳೆತ ಹುಳಿ, ಮಣ್ಣಿನ ವಾಸನೆ ಮೊದಲಾದ ದೋಷಗಳಾದರೋ ಹಾಗೆಯೇ ಉಳಿದು, ಒಳ್ಳೆಯ ಗುಣಗಳು ತಗ್ಗಿದುದರಿಂದ ಇನ್ನೂ ಎದ್ದು ಕಾಣುತ್ತವೆ. ಉತ್ತಮ ಡಿಕ್ಯಾಫ್ ಮಾಡಿಸುವವರು ಸಾಧಾರಣ ಕಾಫಿಗಿಂತಲೂ ಎಚ್ಚರಿಕೆಯಿಂದ ಬೀಜ ಆರಿಸುವುದಕ್ಕೆ ಇದೇ ಕಾರಣ.

ಒಂದೇ ಮೂಲದ ಕಾಫಿ

ಒಂದೇ ಮೂಲ ಎಂಬ ಮಾತಿಗೆ ಮೂರು ಮಟ್ಟದ ಅರ್ಥಗಳಿವೆ. ಒಂದು ದೇಶದ ಕಾಫಿ, ಒಂದು ಪ್ರದೇಶದ ಕಾಫಿ, ಒಂದು ತೋಟದ ಅಥವಾ ತೋಟದೊಳಗಿನ ಒಂದು ಪಾತಿಯ ಕಾಫಿ. ಮಟ್ಟ ಕಿರಿದಾದಷ್ಟೂ ಕೊಳ್ಳುವವನಿಗೆ ಖಚಿತ ಮಾಹಿತಿ ಸಿಗುತ್ತದೆ.

ಹಿಂದೆ ನಮ್ಮಲ್ಲಿ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಾಗಿತ್ತು. ಅಲ್ಲಿ ದರ್ಜೆವಾರು ಬೆರೆಸಿ ಮಾರುವಾಗ ತೋಟದ ಗುರುತು ಉಳಿಯುತ್ತಿರಲಿಲ್ಲ. 1990ರ ದಶಕದಲ್ಲಿ ಈ ಪದ್ಧತಿ ಹಂತಹಂತವಾಗಿ ಸಡಿಲಗೊಂಡು, 1996ರಿಂದ ಬೆಳೆಗಾರರು ತಮ್ಮ ಕಾಫಿಯನ್ನೆಲ್ಲ ತಾವೇ ಮಾರುವಂತಾಯಿತು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಊರಿನ ಹೆಸರು ಬಾಗಿಲು ತೆರೆಯಬಹುದಷ್ಟೆ. ಒಳಗೆ ನಿಲ್ಲಲು ಬಟ್ಟಲಿನಲ್ಲಿ ರುಚಿ ಇರಬೇಕು.

ಕೆಫೀನ್ ತೆಗೆಸುವವನು ಬೀಜದ ಬೆಲೆಯ ಮೇಲೆ ಕಾರ್ಖಾನೆಗೆ ಸಾಗಣೆ, ಸಂಸ್ಕರಣದ ಕೂಲಿ, ತೂಕದ ನಷ್ಟ ಇವೆಲ್ಲವನ್ನೂ ಹೊರಬೇಕು. ದೋಷವುಳ್ಳ ಬೀಜದ ಮೇಲೆ ಇಷ್ಟು ಖರ್ಚು ಮಾಡಿ ಅವನು ನಷ್ಟಕ್ಕೆ ಒಳಗಾಗಲಾರ. ಆದುದರಿಂದ ಅವನು ಮೊದಲು ಮಾದರಿ ಕೇಳುತ್ತಾನೆ, ರುಚಿ ನೋಡುತ್ತಾನೆ, ಆಮೇಲೆ ಬೆಲೆಯ ಮಾತು ತೆಗೆಯುತ್ತಾನೆ. ಮಾದರಿ ಒಂದು, ಮಾಲು ಇನ್ನೊಂದು ಆದರೆ ಮರುವರ್ಷ ಅವನು ಬರುವುದಿಲ್ಲ.

ತೋಟದಲ್ಲಿ ಮತ್ತು ಕಣದಲ್ಲಿ ಮಾಡಬೇಕಾದ ಕೆಲಸಗಳು

ಇಂಥ ಕೊಳ್ಳುವವರಿಗೆ ಕಾಫಿ ಒದಗಿಸಬೇಕೆನ್ನುವ ಬೆಳೆಗಾರರು ಈ ಕೆಳಗಿನ ಅಂಶಗಳನ್ನು ಅನುಸರಿಸಬೇಕು.

1. ಪೂರ್ತಿ ಮಾಗಿದ ಕೆಂಪು ಹಣ್ಣನ್ನು ಮಾತ್ರ ಕುಯ್ಯಿಸಿ. ಹಸಿರು ಕಾಯಿಯಿಂದ ಒಗರು, ಗಿಡದಲ್ಲಿಯೇ ಒಣಗಿದ ಹಣ್ಣಿನಿಂದ ಕೊಳೆತ ರುಚಿ ಬರುತ್ತವೆ. ನೆಲಕ್ಕೆ ಬಿದ್ದುದನ್ನು ಪ್ರತ್ಯೇಕ ಒಣಗಿಸಿ, ಪ್ರತ್ಯೇಕ ಮಾರಬೇಕು.

2. ಕುಯ್ದ ದಿನವೇ ಹಣ್ಣನ್ನು ನೀರಿನಲ್ಲಿ ತೇಲಿಸಿ ಜೊಳ್ಳು ಬೇರ್ಪಡಿಸಿ ಪಲ್ಪ್ ಮಾಡಿ. ಚೀಲದಲ್ಲಿ ಒಂದು ರಾತ್ರಿ ಉಳಿದ ಹಣ್ಣು ಬಿಸಿಯೇರಿ ಹುಳಿಯಲು ಆರಂಭಿಸುತ್ತದೆ.

3. ಪಲ್ಪರಿನಲ್ಲಿ ಬೀಜ ಕತ್ತರಿಸದಂತೆ ತಟ್ಟೆಗಳನ್ನು ಸರಿಪಡಿಸಿಕೊಳ್ಳಿ. ಅರೇಬಿಕಾದ ಲೋಳೆ ಸಾಮಾನ್ಯವಾಗಿ 24ರಿಂದ 36 ಗಂಟೆಗಳಲ್ಲಿ ಬಿಡುತ್ತದೆ. ಚಳಿ ಹೆಚ್ಚಿದ್ದರೆ ಸ್ವಲ್ಪ ತಡ. ಹಿಡಿಯಷ್ಟು ಬೀಜವನ್ನು ತೊಳೆದು ಹಿಸುಕಿದಾಗ ಗರಗರ ಎಂದು ಕೈಗೆ ಒರಟಾಗಿ ತಾಗಿದರೆ ಲೋಳೆ ಬಿಟ್ಟಿತೆಂದು ತಿಳಿಯಬೇಕು. ಕೂಡಲೇ ಶುದ್ಧ ನೀರಿನಲ್ಲಿ ತೊಳೆಯಿರಿ. ಅತಿಯಾಗಿ ಹುಳಿತ ಕೆಲವೇ ಬೀಜಗಳು ಇಡೀ ರಾಶಿಯನ್ನು ಕೆಡಿಸಬಲ್ಲವು. ತೊಳೆದ ನೀರನ್ನು ಹಳ್ಳಕ್ಕೆ ಬಿಡಬಾರದು.

4. ಪಾರ್ಚ್‌ಮೆಂಟನ್ನು ಶುಚಿಯಾದ ಕಣದಲ್ಲಿ ಅಥವಾ ಎತ್ತರಿಸಿದ ತಟ್ಟಿಗಳ ಮೇಲೆ ತೆಳುವಾಗಿ ಹರಡಿ, ಆಗಾಗ್ಗೆ ಕೈಯಾಡಿಸಿ, ನಿಧಾನವಾಗಿ ಒಣಗಿಸಿ. ಉರಿಬಿಸಿಲಿನಲ್ಲಿ ಒಮ್ಮೆಗೇ ಒಣಗಿಸಿದರೆ ಪಾರ್ಚ್‌ಮೆಂಟಿನ ಹೊಟ್ಟು ಸೀಳುತ್ತದೆ. ರಾತ್ರಿ ರಾಶಿ ಮಾಡಿ ಮುಚ್ಚಿ, ಇಬ್ಬನಿ ತಾಗಬಾರದು.

5. ತೇವಾಂಶ ಪಾರ್ಚ್‌ಮೆಂಟಿನಲ್ಲಿ ಶೇಕಡಾ 10, ಅರೇಬಿಕಾ ಚೆರಿಯಲ್ಲಿ 10.5, ರೋಬಸ್ಟಾ ಚೆರಿಯಲ್ಲಿ 11ರ ಸುಮಾರಿಗೆ ಬಂದಾಗ ಒಣಗಿಸುವುದನ್ನು ನಿಲ್ಲಿಸಿ. ಹೆಚ್ಚು ತೇವವಿದ್ದರೆ ಬೂಷ್ಟು, ತೀರ ಒಣಗಿದರೆ ತೂಕ ನಷ್ಟ ಮತ್ತು ಒಡೆದ ಬೀಜ. ತೇವಮಾಪಕ ಸಲಕರಣೆ ಇಲ್ಲದವರು ನೆರೆಯವರೊಡನೆ ಸೇರಿ ಒಂದನ್ನು ಕೊಳ್ಳಬಹುದು.

6. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಮೆಣಸು, ಏಲಕ್ಕಿ, ಗೊಬ್ಬರ, ಔಷಧಿ, ಡೀಸೆಲ್ ಇಟ್ಟ ಕೋಣೆಯಲ್ಲಿ ಕಾಫಿ ಚೀಲ ಇಡಬಾರದು. ಮಲೆನಾಡಿನ ಬಹುಪಾಲು ಮನೆಗಳಲ್ಲಿ ಇವೆಲ್ಲ ಒಂದೇ ಉಗ್ರಾಣದಲ್ಲಿರುವುದರಿಂದ ಈ ಅಂಶಕ್ಕೆ ವಿಶೇಷ ಗಮನ ಬೇಕು. ಚೀಲಗಳನ್ನು ಹಲಗೆಗಳ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ.

7. ಪ್ರತಿ ರಾಶಿಗೂ ಒಂದು ಚೀಟಿ ಇರಲಿ. ಪಾತಿಯ ಹೆಸರು, ತಳಿ (ಸೆಲೆಕ್ಷನ್ 795, ಸೆಲೆಕ್ಷನ್ 9, ಕಾವೇರಿ, ಚಂದ್ರಗಿರಿ ಇತ್ಯಾದಿ), ಕುಯ್ದ ದಿನಾಂಕ, ಲೋಳೆ ಬಿಟ್ಟ ಗಂಟೆಗಳು, ಒಣಗಿದ ದಿನಗಳು, ತೇವಾಂಶ ಇಷ್ಟನ್ನು ಬರೆದಿಡಿ. ಒಂದು ಶಾಲಾ ನೋಟ್‌ಬುಕ್ ಸಾಕು. ಬೇರೆ ರಾಶಿಗಳನ್ನು ಬೆರೆಸಬೇಡಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿಯೂ ಬೇರೆಯಾಗಿಯೇ ಮಾಡಿಸಿ.

ಸಣ್ಣ ಬೆಳೆಗಾರರು ಒಟ್ಟುಗೂಡಬೇಕು

ಕೆಫೀನ್ ತೆಗೆಯುವ ಕಾರ್ಖಾನೆಗಳು ಲೋಕದಲ್ಲಿ ಕೆಲವೇ ಇವೆ. ಅವುಗಳ ಯಂತ್ರಗಳೂ ದೊಡ್ಡವು. ಎರಡು ಮೂರು ಚೀಲಗಳನ್ನು ಬೇರೆಯಾಗಿ ನಡೆಸಿಕೊಡಲು ಅವು ಸಾಮಾನ್ಯವಾಗಿ ಒಪ್ಪುವುದಿಲ್ಲ. ಟನ್ನುಗಟ್ಟಲೆ ಮಾಲು ಬೇಕು. ಹಡಗಿನಲ್ಲಿ ಹೋಗುವ 20 ಅಡಿ ಕಂಟೈನರಿನಲ್ಲಿ 60 ಕಿಲೋ ತೂಕದ 320 ಚೀಲಗಳು, ಅಂದರೆ 19.2 ಟನ್ ಕಾಫಿ ಹಿಡಿಸುತ್ತದೆ. ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜವೆಂದು ಹಿಡಿದರೂ ಇದಕ್ಕೆ ಸುಮಾರು ನೂರು ಟನ್ ಹಣ್ಣು ಬೇಕು.

ನಮ್ಮ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಆದುದರಿಂದ ಒಬ್ಬ ಸಣ್ಣ ಬೆಳೆಗಾರನಿಂದ ಇದು ಆಗದ ಕೆಲಸ. ಆದರೆ ಒಂದೇ ಬೆಟ್ಟದ ಸಾಲಿನಲ್ಲಿ, ಸುಮಾರು ಒಂದೇ ಎತ್ತರದಲ್ಲಿ, ಒಂದೇ ತಳಿಯನ್ನು ಬೆಳೆಯುವವರು ಸೇರಿಕೊಂಡರೆ ಒಂದೇ ಮೂಲದ ಮಾಲು ಒದಗಿಸಬಹುದು. ಇಲ್ಲಿ ಒಂದು ನಿಯಮ ಬಹಳ ಮುಖ್ಯ. ಪ್ರತಿಯೊಬ್ಬರ ರಾಶಿಯನ್ನೂ ಮೊದಲು ರುಚಿ ನೋಡಿ, ದೋಷವಿಲ್ಲವೆಂದು ತಿಳಿದ ಮೇಲೆಯೇ ಒಟ್ಟಿಗೆ ಸೇರಿಸತಕ್ಕದ್ದು. ಬಂಧುತ್ವಕ್ಕೆ ಅಥವಾ ದಾಕ್ಷಿಣ್ಯಕ್ಕೆ ಒಂದು ಕೆಟ್ಟ ರಾಶಿಯನ್ನು ಸೇರಿಸಿದರೆ ಎಲ್ಲರ ಬೆಲೆಯೂ ಇಳಿಯುತ್ತದೆ. ಯಾರ ರಾಶಿ ಎಂಬುದು ತಿಳಿಯದಂತೆ ಅಂಕಿ ಹಾಕಿ ರುಚಿ ನೋಡಿದರೆ ಮನಸ್ತಾಪಕ್ಕೆ ಎಡೆಯಿಲ್ಲ.

ರುಚಿ ನೋಡುವ ಕ್ರಮ

ಹಾಲು, ಸಕ್ಕರೆ, ಚಿಕೋರಿ ಸೇರಿದ ಕಾಫಿಯಲ್ಲಿ ಬೀಜದ ನಿಜವಾದ ಗುಣ ತಿಳಿಯುವುದಿಲ್ಲ. ಪರೀಕ್ಷಕರು ಕಾಫಿಪುಡಿಗೆ ಬಿಸಿನೀರು ಹಾಕಿ ಬರಿದಾಗಿ ರುಚಿ ನೋಡುತ್ತಾರೆ. ಇದನ್ನು ಮನೆಯಲ್ಲಿಯೂ ಮಾಡಬಹುದು. ಬೇಕಾದುವು: ಗ್ರಾಂ ತೂಗುವ ಚಿಕ್ಕ ತಕ್ಕಡಿ, ಒಂದೇ ಅಳತೆಯ ಐದು ಗಾಜಿನ ಲೋಟ ಅಥವಾ ಪಿಂಗಾಣಿ ಬಟ್ಟಲು, ಚಮಚ, ಗಡಿಯಾರ ಮತ್ತು ವಾಸನೆಯಿಲ್ಲದ ಶುದ್ಧ ನೀರು.

ಮೊದಲು ಬೀಜ ನೋಡಿ. 350 ಗ್ರಾಂ ಹಸಿರು ಬೀಜವನ್ನು ತಟ್ಟೆಯಲ್ಲಿ ಹರಡಿ ಕಪ್ಪು ಬೀಜ, ಕಾಯಿಕೊರಕ ಹೊಡೆದ ಬೀಜ, ಒಡೆದುದು, ಬೂಷ್ಟು ಹಿಡಿದುದು ಇವುಗಳನ್ನು ಬೇರೆ ಮಾಡಿ ಎಣಿಸಿ. ಮೂಸಿಯೂ ನೋಡಿ.

ಅನಂತರ ಸುಮಾರು 100 ಗ್ರಾಂ ಬೀಜವನ್ನು 8ರಿಂದ 12 ನಿಮಿಷಗಳಲ್ಲಿ ಹದವಾಗಿ, ಕಪ್ಪಾಗದಂತೆ ಹುರಿಯಿರಿ. ಗಾಢವಾಗಿ ಹುರಿದರೆ ಎಲ್ಲ ಕಾಫಿಯೂ ಒಂದೇ ಆಗಿ ತೋರುತ್ತದೆ. ಕೂಡಲೇ ಆರಿಸಿ, ಡಬ್ಬಿಯಲ್ಲಿ ಮುಚ್ಚಿ, ಕನಿಷ್ಠ 8 ಗಂಟೆ ಬಿಟ್ಟು, 24 ಗಂಟೆಯೊಳಗೆ ರುಚಿ ನೋಡಿ. ಪ್ರತಿ ಬಟ್ಟಲಿಗೆ 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಬೀಜ ಎಂಬುದು ಸಾಮಾನ್ಯ ಅಳತೆ. ಐದು ಬಟ್ಟಲಿಗೂ ಬೇರೆ ಬೇರೆಯಾಗಿ ತೂಗಿ ಪುಡಿಮಾಡಬೇಕು. ಒಂದು ಬಟ್ಟಲಿನಲ್ಲಿ ಮಾತ್ರ ದೋಷ ಕಂಡರೆ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ಕೆಟ್ಟ ಬೀಜವಿದೆಯೆಂದೂ, ಐದರಲ್ಲಿಯೂ ಕಂಡರೆ ಇಡೀ ರಾಶಿಯ ದೋಷವೆಂದೂ ತಿಳಿಯಬಹುದು.

ಮುಂದಿನ ಹಂತಗಳು ಹೀಗಿವೆ:

(ಅ) ಒಣ ಪುಡಿಯನ್ನು ಮೂಸಿ ಪರಿಮಳ ಗುರುತಿಸಿ.

(ಆ) ಕುದಿ ಇಳಿದ, ಸುಮಾರು 93 ಡಿಗ್ರಿ ಶಾಖದ ನೀರನ್ನು ಪುಡಿಯ ಮೇಲೆ ನೇರವಾಗಿ ಹೊಯ್ಯಿರಿ. ಕಲಕಬೇಡಿ.

(ಇ) 4 ನಿಮಿಷಗಳ ನಂತರ ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಮೆಲ್ಲಗೆ ಒಡೆದು, ಮೂಗನ್ನು ಹತ್ತಿರ ತಂದು ಮೂಸಿ. ಬೂಷ್ಟು, ಕೊಳೆತ ವಾಸನೆಗಳು ಇದ್ದರೆ ಈ ಗಳಿಗೆಯಲ್ಲಿ ಸ್ಪಷ್ಟವಾಗಿ ತಿಳಿಯುತ್ತವೆ.

(ಈ) ನೊರೆ ತೆಗೆದು, ಎಂಟು ಹತ್ತು ನಿಮಿಷಗಳಾದ ಮೇಲೆ ಚಮಚದಲ್ಲಿ ತೆಗೆದು ಸೊರ್ರೆಂದು ಎಳೆದು ನಾಲಿಗೆಯ ತುಂಬ ಹರಡಿ. ನುಂಗಬೇಕೆಂದಿಲ್ಲ, ಉಗುಳಬಹುದು.

(ಉ) ಕಾಫಿ ಆರುತ್ತಾ ಬಂದಂತೆ ಮತ್ತೆ ಎರಡು ಮೂರು ಸಲ ನೋಡಿ. ಬಿಸಿಯಲ್ಲಿ ಅಡಗಿದ್ದ ದೋಷ ಆರಿದಾಗ ಹೊರಬರುತ್ತದೆ. ಒಳ್ಳೆಯ ಕಾಫಿ ಆರಿದ ಮೇಲೂ ಸಿಹಿಯಾಗಿಯೇ ಇರುತ್ತದೆ.

ಪರಿಮಳ, ರುಚಿ, ನಾಲಿಗೆಯಲ್ಲಿ ಉಳಿಯುವ ರುಚಿ, ಹುಳಿ, ಮೈಕಟ್ಟು, ಸಿಹಿ, ಶುದ್ಧತೆ ಇವುಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಹುಳಿ ಎಂದರೆ ದೋಷವಲ್ಲ. ಕಿತ್ತಳೆ ಹಣ್ಣಿನಂಥ ಹುಳಿ ಗುಣ. ಹಳಸಿದ ಅನ್ನದಂಥ ಹುಳಿ ದೋಷ. ಮಾತು ನಮ್ಮದೇ ಇರಲಿ. ಬೆಲ್ಲ, ಹುರಿದ ಕಡಲೆ, ನಿಂಬೆ, ಒದ್ದೆ ಗೋಣಿ, ಮಣ್ಣು ಎಂದು ನಮಗೆ ಗೊತ್ತಿರುವ ವಸ್ತುಗಳ ಹೆಸರಿನಲ್ಲಿಯೇ ಬರೆದರೆ ಮರುವರ್ಷ ನೋಡಿದಾಗಲೂ ಅರ್ಥವಾಗುತ್ತದೆ.

ಡಿಕ್ಯಾಫ್ ಮಾದರಿಯನ್ನು ನೋಡುವಾಗ ಬೀಜದ ಹೊರಬಣ್ಣವನ್ನು ನಂಬದೆ ಪುಡಿಯ ಬಣ್ಣವನ್ನು ಹೋಲಿಸಿ. ಒದ್ದೆ ರಟ್ಟು, ನೆನೆದ ಹುಲ್ಲು, ಬೇಯಿಸಿದ ತರಕಾರಿಯ ವಾಸನೆ ಇದ್ದರೆ ಅದು ಸಂಸ್ಕರಣದ ಅಥವಾ ಹಳೆಯ ಬೀಜದ ದೋಷ. ಹುಳಿತ, ಬೂಷ್ಟಿನ ವಾಸನೆಯಿದ್ದರೆ ಅದು ಕಣದಿಂದಲೇ ಬಂದಿರುವ ಸಂಭವ ಹೆಚ್ಚು.

ಮೂರು ಬಟ್ಟಲಿನ ಪರೀಕ್ಷೆ

ಮಾಲು ಕಳುಹಿಸುವ ಮುನ್ನ ಒಂದು ಕಿಲೋ ಹಸಿರು ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಮೊಹರು ಹಾಕಿ ಇಟ್ಟುಕೊಳ್ಳುವುದು ಒಳ್ಳೆಯದು. ಕೊಂಡವನು ಕೆಫೀನ್ ತೆಗೆಸಿದ ಮೇಲೆ ಅವನಿಂದ ಸ್ವಲ್ಪ ಮಾದರಿ ಪಡೆದು ಎರಡನ್ನೂ ಹೋಲಿಸಿ. ಇದಕ್ಕೆ ಸುಲಭವಾದ ಉಪಾಯ ಮೂರು ಬಟ್ಟಲಿನ ಪರೀಕ್ಷೆ. ಮನೆಯವರೊಬ್ಬರು ಎರಡು ಬಟ್ಟಲಿಗೆ ಒಂದು ಕಾಫಿಯನ್ನೂ ಮೂರನೆಯದಕ್ಕೆ ಇನ್ನೊಂದನ್ನೂ ಹಾಕಿ, ಯಾವುದು ಯಾವುದೆಂದು ಹೇಳದೆ ಮುಂದಿಡಲಿ. ಬೇರೆಯಾದುದು ಯಾವುದೆಂದು ರುಚಿಯಿಂದಲೇ ಗುರುತಿಸಬೇಕು. ಬಣ್ಣ ಕಾಣದಂತೆ ಮಂದ ಬೆಳಕಿನಲ್ಲಿ ಮಾಡಿದರೆ ಉತ್ತಮ.

ಊಹೆಯಿಂದ ಹೇಳಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ. ಆದುದರಿಂದ ಆರು ಸಲ ಮಾಡಿ. ಐದು ಅಥವಾ ಆರು ಸಲ ಸರಿಯಾಗಿ ಹೇಳಿದರೆ ವ್ಯತ್ಯಾಸ ನಿಜವಾಗಿಯೂ ತಿಳಿಯುತ್ತಿದೆ ಎಂದರ್ಥ. ಎರಡು ಮೂರು ಸಲ ಮಾತ್ರ ಸರಿಯಾದರೆ ಕೆಫೀನ್ ತೆಗೆದ ಕೆಲಸ ಚೆನ್ನಾಗಿ ನಡೆದಿದೆ ಎಂದು ಸಂತೋಷಪಡಬಹುದು.

ಪೊಟ್ಟಣ ಕೊಳ್ಳುವಾಗ

ಮನೆಯ ಬಳಕೆಗೆ ಡಿಕ್ಯಾಫ್ ಕೊಳ್ಳುವವರು ಪೊಟ್ಟಣದ ಮೇಲೆ ಈ ಸಂಗತಿಗಳಿವೆಯೇ ಎಂದು ನೋಡಬೇಕು: ಪ್ರದೇಶ ಅಥವಾ ತೋಟದ ಹೆಸರು, ಕೆಫೀನ್ ತೆಗೆದ ವಿಧಾನ, ಹುರಿದ ದಿನಾಂಕ, ಚಿಕೋರಿ ಸೇರಿದ್ದರೆ ಅದರ ಪ್ರಮಾಣ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹೀಗಾಗಿ ಚಿಕೋರಿ ಬೆರೆತ ಪುಡಿಯಲ್ಲಿ ಕೆಫೀನ್ ಕಡಿಮೆ ಇರುತ್ತದೆ. ಆದರೆ ಅದು ಡಿಕ್ಯಾಫ್ ಅಲ್ಲ. ಹುರಿದ ಡಿಕ್ಯಾಫ್ ಬೇಗ ಹಳತಾಗುವುದರಿಂದ ಸ್ವಲ್ಪ ಸ್ವಲ್ಪವೇ ಕೊಂಡು ಬೇಗ ಮುಗಿಸುವುದು ಮೇಲು.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗೆ ಕೆಫೀನಿನಿಂದ ತೊಂದರೆಯಿಲ್ಲವೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅಭಿಪ್ರಾಯಪಟ್ಟಿತು. ಡಿಕ್ಯಾಫ್‌ನಲ್ಲಿಯೂ ಅಲ್ಪ ಕೆಫೀನ್ ಇರುವುದರಿಂದ, ಕೆಫೀನನ್ನು ಪೂರ್ತಿ ಬಿಡಬೇಕೆಂದು ವೈದ್ಯರು ಹೇಳಿರುವವರು ಅವರನ್ನು ಕೇಳಿಯೇ ಇದನ್ನು ಬಳಸಬೇಕು.

ಕೆಫೀನ್ ಇಲ್ಲದ ಗಿಡಗಳಿವೆಯೇ?

ಇವೆ. ಆಫ್ರಿಕದ ಕ್ಯಾಮರೂನ್ ದೇಶದ ಕಾಡಿನ ಒಂದು ಕಾಫಿ ಜಾತಿಯಲ್ಲಿ ಕೆಫೀನ್ ಇಲ್ಲವೆಂದು ತಿಳಿದುಬಂದಿದೆ. ಅದಕ್ಕೆ 2008ರಲ್ಲಿ ಕಾಫಿಯಾ ಚಾರಿಯೇರಿಯಾನ ಎಂದು ಹೆಸರಿಡಲಾಯಿತು. ಬ್ರೆಜಿಲ್ ವಿಜ್ಞಾನಿಗಳು ಇಥಿಯೋಪಿಯ ಮೂಲದ ಅರೇಬಿಕಾ ಗಿಡಗಳಲ್ಲಿ ಕೆಫೀನ್ ಬಹುತೇಕ ಇಲ್ಲದ ಕೆಲವನ್ನು ಕಂಡುದಾಗಿ 2004ರಲ್ಲಿ ಪ್ರಕಟಿಸಿದರು. ರೀಯೂನಿಯನ್ ದ್ವೀಪದ ಲಾರಿನಾ ತಳಿಯಲ್ಲಿ ಕೆಫೀನ್ ಸಾಧಾರಣ ಅರೇಬಿಕಾದ ಅರ್ಧದಷ್ಟಿದೆ. ಇವು ಸಂಶೋಧನೆಗೆ ಬೆಲೆಯುಳ್ಳವು. ಆದರೆ ಕೆಫೀನ್ ಇಲ್ಲದ ಸಸಿ ಎಂದು ಯಾರಾದರೂ ಮಾರಲು ಬಂದರೆ ದುಡಿಮೆಯ ಹಣ ಹೂಡುವ ಮುನ್ನ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸುವುದು ಕ್ಷೇಮ.

ಕೊನೆಯದಾಗಿ

ಎಲ್ಲ ಬೆಳೆಗಾರರ ಕಾಫಿಯೂ ಡಿಕ್ಯಾಫ್ ಆಗಬೇಕಾಗಿಲ್ಲ, ಆಗುವುದೂ ಇಲ್ಲ. ಆದರೆ ಡಿಕ್ಯಾಫ್‌ಗೆ ತಕ್ಕ ಬೀಜ ಬೇರೆ ಯಾವ ಉತ್ತಮ ವ್ಯಾಪಾರಕ್ಕೂ ತಕ್ಕುದೇ. ಮೇಲೆ ಹೇಳಿದ ಕೆಲಸಗಳಿಗೆ ಹೆಚ್ಚಿನ ಬಂಡವಾಳ ಬೇಡ. ಹೆಚ್ಚಿನ ಕೂಲಿ ಮತ್ತು ಗಮನ ಬೇಕು. ಆ ಕೂಲಿ ಹಿಂದಕ್ಕೆ ಬರುವುದೇ ಎಂಬುದನ್ನು ಎಲ್ಲ ಬೆಳೆಯ ಮೇಲೂ ಒಮ್ಮೆಗೇ ಪರೀಕ್ಷಿಸಬೇಡಿ. ಈ ಸಾಲಿನ ಕುಯ್ಲಿನಲ್ಲಿ ಒಂದು ಪಾತಿಯನ್ನು ಆರಿಸಿ, ಅದರ ಹಣ್ಣನ್ನು ಪ್ರತ್ಯೇಕವಾಗಿ ಕುಯ್ದು, ಒಣಗಿಸಿ, ಲೆಕ್ಕ ಬರೆದಿಡಿ. ಅದನ್ನೂ ಉಳಿದ ರಾಶಿಯ ಕಾಫಿಯನ್ನೂ ಮೂರು ಬಟ್ಟಲಿನ ಪರೀಕ್ಷೆಗೆ ಹಾಕಿ. ವ್ಯತ್ಯಾಸ ನಾಲಿಗೆಗೆ ತಿಳಿದರೆ ಕೊಳ್ಳುವವನೊಡನೆ ಬೆಲೆ ಮಾತಾಡಲು ನಿಮಗೊಂದು ಆಧಾರ ಸಿಕ್ಕಂತಾಯಿತು. ರುಚಿ ಪರೀಕ್ಷೆಯನ್ನು ಕ್ರಮವಾಗಿ ಕಲಿಯಬಯಸುವವರು ಬೆಂಗಳೂರಿನ ಕಾಫಿ ಬೋರ್ಡ್ ನಡೆಸುವ ಕಾಪಿ ಶಾಸ್ತ್ರ ತರಬೇತಿಯ ಬಗ್ಗೆ ಹತ್ತಿರದ ಕಾಫಿ ಬೋರ್ಡ್ ಕಚೇರಿಯಲ್ಲಿ ವಿಚಾರಿಸಬಹುದು.

ತನ್ನ ಕಾಫಿಯ ರುಚಿ ಗೊತ್ತಿಲ್ಲದ ಬೆಳೆಗಾರನು ಕೊಳ್ಳುವವನು ಹೇಳಿದ ದರ್ಜೆಯನ್ನೇ ಒಪ್ಪಬೇಕಾಗುತ್ತದೆ. ರುಚಿ ಗೊತ್ತಿರುವ ಬೆಳೆಗಾರನು ಅದನ್ನು ಪ್ರಶ್ನಿಸಬಲ್ಲನು.